ಕೊಂಕಣದ ಮರಳಿಗೆ ಇಳಿಸಿದ ವ್ಯಾನು

ನಾನು ಕೆಲಸಕ್ಕಿರುವ ನಾಸಿಕ್ ರೋಡಿನ ಹೋಟೆಲ್ ಮಾಲಕರ ವ್ಯಾನಿನಲ್ಲಿ ಹಾಸಿಗೆ, ಸ್ಟೋವ್ ಇಟ್ಟುಕೊಂಡು ನಾವು ಗಂಡಹೆಂಡತಿ ಕೊಂಕಣ ತಿರುಗಲು ಹೊರಟಿದ್ದೆವು. ಬೀದರ ಕಡೆ ಎಂಥೆಂಥ ಹೊಲದಾಗ ಟ್ರ್ಯಾಕ್ಟರ್ ಹೊಡೆದವನು ನಾನು! ವ್ಯಾನನ್ನು ನೇರ ಸಮುದ್ರದ ಮರಳಿಗೇ ಇಳಿಸಿದೆ.

"ನೀರು ಹತ್ರ ಬರಲಿಕತ್ತದ್ರಿ," ಎಂದಳು ಹೆಂಡತಿ.

"ನಮ್ಮೂರ ಕೆರಿ ಎಂದಾದ್ರೂ ಎದ್ದು ಬಂದದೇನು? ಚಹಾ ಮಾಡು."

ಚಹಾ ಕುದಿಯುವುದರೊಳಗೆ ಅಲೆ ಹಿಂದಿನ ಗಾಲಿಗೆ ಬಡಿಯಿತು. ಎಕ್ಸಲರೇಟರ್ ಒತ್ತಿದಷ್ಟೂ ಗಾಲಿ ಹುಗಿಯಿತು. ವ್ಯಾನು ಮುಳುಗಿದರೆ ನನ್ನ ನೌಕರಿಯೂ ಮುಳುಗಿದಂತೆಯೇ.

ಮೀನು ಮಾರುವ ಮುದುಕಿಯೊಬ್ಬಳು ಮರಾಠಿಯಲ್ಲಿ ಕೂಗಿದಳು: "ಏ ಶಾಣ್ಯಾ, ಬಲು ಜಾಣಾ, ಟಾಯರಿನ ಗಾಳಿ ಇಳಿಸೋ!"

"ಗಾಳಿ ಇಳಿಸಿದ್ರ ಗಾಡಿ ಓಡ್ತದೇನು?" ಎಂದು ನಾನು ಗದರುವಷ್ಟರಲ್ಲಿ ಹೆಂಡತಿ ಸೆರಗು ಸಿಕ್ಕಿಸಿ, ನೀರಲ್ಲೇ ಕೂತು ನಾಲ್ಕೂ ಟಾಯರಿನ ಗಾಳಿ ಇಳಿಸಿದ್ದಳು.

"ಈಗ ಮೆಲ್ಲಗ ಹೊಡೀರಿ."

ಚಪ್ಪಟೆಯಾದ ಟಾಯರು ಮರಳು ಹಿಡಿದು, ವ್ಯಾನು ತೆವಳುತ್ತಾ ದಂಡೆ ಹತ್ತಿತು.

ಮತ್ತೆ ಪಂಪು ಹೊಡೆದು ನಾಲ್ಕೂ ಟಾಯರಿಗೆ ಗಾಳಿ ತುಂಬಿದವನು ಮಾತ್ರ ನಾನೇ. ಆ ಕೆಲಸದಲ್ಲಿ ನನ್ನನ್ನು ಮೀರಿಸುವ ಗಂಡಸು ಇಡೀ ನಾಸಿಕ್ ರೋಡ್ ಹುಡುಕಿದರೂ ಸಿಗಲಿಕ್ಕಿಲ್ಲ.