ಹನುಮಮ್ಮ ಹಾಕಿದ ಗೆಲಾಕ್ಸಿ

ಈಸೂರು ಕಡೆಯ ನಮ್ಮ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವ ಹನುಮಮ್ಮನಂಥ ಹಟಮಾರಿ ಇನ್ನೊಬ್ಬಳನ್ನು ನಾನು ಕಂಡಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದರೆ "ನಿಮ್ಮ ನಾಲಿಗೆ ಕೆಟ್ಟದೆ ಬಿಡ್ರಿ ಮೇಡಂ" ಎನ್ನುವವಳು. ಆದರೆ ರಂಗೋಲಿಗೆ ಕೂತರೆ ಅಂಥ ಕೈ ತಾಲ್ಲೂಕಿನಲ್ಲೇ ಇಲ್ಲ. ಗಂಡ ಉಜ್ಜಪ್ಪ ಕುರಿ ಸಾಕುತ್ತಾನೆ. ಮಗಳು ಸುಷ್ಮಿತಾ ನನ್ನ ಒಂಬತ್ತನೇ ತರಗತಿಯವಳು.

ಶಿಕಾರಿಪುರದ ವಿಜ್ಞಾನ ಮೇಳಕ್ಕೆ ಸುಷ್ಮಿತಾ ದೂರದ ಸುರುಳಿ ಗೆಲಾಕ್ಸಿಯೊಂದನ್ನು ಆರಿಸಿಕೊಂಡಳು. ಗೆದ್ದರೆ ಶಿವಮೊಗ್ಗದ ಜಿಲ್ಲಾ ಮೇಳ. ಹುಡುಗಿಗೆ ಹಗಲೆಲ್ಲ ಅದೇ ಜಪ. ನೆಲದ ಮೇಲೆ ಅಮ್ಮ ರಂಗೋಲಿ ಹಾಕಲಿ, ಮಗಳು ವಿವರಿಸಲಿ ಎಂದು ಉಪಾಯ ಹೇಳಿದವಳು ನಾನೇ. ಅದಕ್ಕೇ ಅನುಭವಿಸಿದೆ.

ಮೇಳದ ದಿನ ಹನುಮಮ್ಮ ನಡುವೆ ಹಳೆಯ ನಕ್ಷತ್ರಗಳಿಗೆ ಹಳದಿ ತುಂಬಿದಳು. ಸುತ್ತಿಕೊಂಡು ಹೊರಟ ಎರಡು ತೋಳುಗಳಿಗೆ ಹೊಸ ನಕ್ಷತ್ರಗಳ ನೀಲಿ. ತೋಳುಗಳ ನಡುವೆ ಮಗಳು ನಿಲ್ಲಲು ಜಾಗ ಬಿಟ್ಟಳು. ಕೊನೆಗೆ ಎರಡೂ ತುದಿಗಳನ್ನು ಎಳೆದು ಕೂಡಿಸಿಬಿಟ್ಟಳು! ಸುರುಳಿ ಹೋಗಿ ಬಳೆಯಾಯಿತು.

"ಅಯ್ಯೋ, ತುದಿ ಬಿಟ್ಟೇ ಇರಬೇಕು ಹನುಮಮ್ಮ!"

"ಎಳೆ ಕೂಡಿಸ್ದೆ ರಂಗೋಲಿ ಬಿಡ್ತಾರೇನ್ರಿ? ಸಂದು ಇದ್ರೆ ಕೆಟ್ಟದ್ದು ಒಳಗೆ ಬರ್ತದೆ. ಅಲ್ಲಿ ನಿಲ್ಲೋದು ನನ್ನ ಮಗಳು."

ಅಳಿಸಿದೆ. ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಕೂಡಿಸಿದ್ದಳು. ಮತ್ತೆ ಅಳಿಸಿದೆ. ಸುಷ್ಮಿತಾ ಅಳತೊಡಗಿದಳು. ಅದನ್ನು ನೋಡಿ ಹನುಮಮ್ಮ ಪುಡಿಯ ಬಟ್ಟಲು ಕೆಳಗಿಟ್ಟು, ಒಂದು ತುದಿಯ ಎದುರು ತಾನೇ ಚಕ್ಕಳಮಕ್ಕಳ ಹಾಕಿ ಕೂತಳು. ಇನ್ನೊಂದು ತುದಿಗೆ, ಮೇಳ ನೋಡಲು ಬಂದಿದ್ದ ಉಜ್ಜಪ್ಪನನ್ನು ಕೂರಿಸಿದಳು, ಹೆಗಲ ಕಂಬಳಿ ಸಮೇತ.

ತೀರ್ಪುಗಾರರು ಬಂದರು. "ಇವರಿಬ್ಬರು ಯಾರು? ಏಳೋಕೆ ಹೇಳಿ."

"ನನ್ನ ಕೂಸಿನ ಮಾತು ಮುಗೀಲಿ, ಏಳ್ತೀವ್ರಿ" ಎಂದಳು ಹನುಮಮ್ಮ. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

ಸುಷ್ಮಿತಾ ಕಣ್ಣೊರೆಸಿಕೊಂಡು ಶುರುಮಾಡಿದಳು. ಅಲ್ಲಿಂದ ಬೆಳಕು ನಮ್ಮನ್ನು ಮುಟ್ಟಲು ಎರಡು ಕೋಟಿ ವರ್ಷಕ್ಕೂ ಹೆಚ್ಚು ಬೇಕು, ಗೆಲಾಕ್ಸಿಯ ಈ ಅಂಚಿನಿಂದ ಆ ಅಂಚಿಗೇ ಲಕ್ಷ ವರ್ಷ.

"ಈ ತೋಳು ಇಲ್ಲಿಗೇ ಮುಗೀತಾ?" ಎಂದರು ತೀರ್ಪುಗಾರರು.

"ಇಲ್ಲ ಸರ್. ನಮ್ಮಪ್ಪನ ಬೆನ್ನ ಹಿಂದೆ ಮಸುಕಾಗಿ ಇನ್ನೂ ಅದೆ."

ಅವರು ನಕ್ಕರು. ಸಂಜೆ ಅವಳ ಹೆಸರನ್ನೇ ಕೂಗಿದರು.

ಶಿವಮೊಗ್ಗಕ್ಕೆ ಮಕ್ಕಳ ಜೊತೆ ಶಿಕ್ಷಕರು ಮಾತ್ರ, ಹೆತ್ತವರು ಬರುವಂತಿಲ್ಲ, ರಂಗೋಲಿಯನ್ನೂ ಮಗಳೇ ಹಾಕಬೇಕು ಎಂದು ಹನುಮಮ್ಮನಿಗೆ ನಾನೇ ಹೇಳಬೇಕಾಯಿತು. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವಳು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಲ್ಲಿ ತುದೀಗೆ ಯಾರು ಕೂರ್ತಾರ್ರಿ ಮೇಡಂ?"

ನನಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. "ನಾನೇ ಕೂರ್ತೀನಿ ಮಾರಾಯ್ತಿ" ಎಂದೆ.

"ಇನ್ನೊಂದು ಕಡೀಗೆ?"