ನಾನು ಹೇಳಿಕೊಟ್ಟ ಸಿಟ್ಟು

ಎಂ.ಎ. ತರಗತಿಯಲ್ಲಿ ನಮ್ಮ ಸರ್ ಇಟ್ಟುಕೊಂಡಿದ್ದ ಪದ್ಧತಿ ಒಂದಿತ್ತು. ಹಳಗನ್ನಡ ಪದ್ಯವನ್ನು ಒಬ್ಬರು ರಾಗವಾಗಿ ಓದಬೇಕು, ಪಕ್ಕದಲ್ಲಿ ಕುಳಿತವರು ಅರ್ಥ ಹೇಳಬೇಕು. ಓದು ಹೋದ ದಾರಿಯಲ್ಲೇ ಅರ್ಥವೂ ಹೋಗಬೇಕು. ಮೊದಲೇ ಓದಿಸಿ ನೋಡುವ ಅಭ್ಯಾಸ ಅವರಿಗಿರಲಿಲ್ಲ.

ವರ್ಷದ ಕೊನೆಯ ಕಾವ್ಯವಾಚನದಲ್ಲಿ ಓದು ನನಗೇ ಎಂದು ನಂಬಿದ್ದೆ. ಗುರುವಾಯನಕೆರೆಯ ಸುತ್ತಮುತ್ತ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಅಪ್ಪನ ಮಗಳು ನಾನು. ಸರ್ ಓದನ್ನು ಪಾಣೆಮಂಗಳೂರಿನ ಬ್ಯಾರಿ ಹುಡುಗಿಗೆ ಕೊಟ್ಟರು. "ಅರ್ಥ ನಿನಗೆ. ಮನೆಯಲ್ಲೇ ಉಂಟಲ್ಲ" ಎಂದರು. ಹೊಟ್ಟೆಗೆ ಕಿಚ್ಚು ಬಿತ್ತು. ಮನೆಯಲ್ಲಿ ಬ್ಯಾರಿ ಮಾತಾಡುವವಳಿಗೆ ಎಂಥ ಹಳಗನ್ನಡ ಎಂದು ಗೊಣಗಿದೆ. ನಮ್ಮ ಮನೆಯಲ್ಲಿ ಮಾತಾಡುವುದು ತುಳು ಎಂಬುದು ಆಗ ನೆನಪಾಗಲಿಲ್ಲ.

ಗ್ರಂಥಾಲಯದಲ್ಲಿ ಆ ಕಾವ್ಯದ ಟೀಕೆ, ಅಂದರೆ ಪದ್ಯಗಳ ಅರ್ಥವಿವರಣೆ, ಇದ್ದ ಪ್ರತಿ ಒಂದೇ. ಅದನ್ನು ನಾನೇ ತಂದಿಟ್ಟುಕೊಂಡಿದ್ದೆ. ಒಂದು ಸಂಜೆ ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಬಂಟ್ವಾಳದ ಬಸ್ಸಿಗೆ, ನಾನು ಬೆಳ್ತಂಗಡಿಯ ಬಸ್ಸಿಗೆ ಕಾಯುತ್ತಿದ್ದೆವು. ಅವಳು ನೋಟ್‌ಬುಕ್ ಬಿಡಿಸಿದಳು. ಯುದ್ಧಕ್ಕೆ ಹೊರಟ ಗಂಡನಿಗೆ ರಾಣಿ ಹೇಳುವ ಮಾತು. ತರಗತಿಯಲ್ಲಿ ಇನ್ನೂ ಆಗಿರದ ಪದ್ಯ.

"ಇದನ್ನು ಹೇಗೆ ಓದುವುದು ಮಾರಾಯ್ತಿ? ನೀನು ಟೀಕೆ ನೋಡಿದ್ದೀಯಲ್ಲ."

ಟೀಕೆಯಲ್ಲಿ ಇದ್ದದ್ದು ದುಃಖ. "ಸಿಟ್ಟಿನಲ್ಲಿ ಓದು" ಎಂದೆ. ಸಭೆಯ ಮುಂದೆ ಅವಳು ನಗೆಪಾಟಲಾಗಬೇಕಿತ್ತು, ಅಷ್ಟೇ.

ಅವಳು ಪದ್ಯದ ಪಕ್ಕದಲ್ಲಿ 'ಸಿಟ್ಟು' ಎಂದು ಬರೆದುಕೊಂಡಳು. "ಸರಿಯೇ. ಉಪ್ಪ ಗಲ್ಫಿಗೆ ಹೊರಡುವ ದಿನ ನನ್ನ ಉಮ್ಮನೂ ಅಳುವುದಿಲ್ಲ. ಪಾತ್ರೆ ಕುಕ್ತಾರೆ" ಎಂದಳು.

ಕಾವ್ಯವಾಚನದ ದಿನ ಅವಳು ಆ ಪದ್ಯವನ್ನು ಹಲ್ಲು ಕಚ್ಚಿಕೊಂಡವಳಂತೆ ಓದಿದಳು. ಯಾರಾದರೂ ನಗುತ್ತಾರೆಂದು ಕಾದೆ. ಹಿಂದಿನ ಸಾಲಿನವರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಈಗ ಅರ್ಥ ನನ್ನದು. ನಾನು ಬರೆದು ತಂದದ್ದು ದುಃಖ, ಹೇಳಬೇಕಾದದ್ದು ಸಿಟ್ಟು. ಚೀಟಿ ಮಡಚಿಟ್ಟೆ. ಬಾಯಿಗೆ ಬಂದದ್ದು ಅವಳ ಉಮ್ಮನ ಪಾತ್ರೆಗಳ ಸದ್ದು. ಅದನ್ನೇ ಅರಮನೆಗೆ ಒಯ್ದು ಹೇಳಿದೆ.

ಸರ್ ಎದ್ದು ನಿಂತು ಅವಳನ್ನು ಕೇಳಿದರು: "ಇಷ್ಟು ವರ್ಷ ಈ ರಾಣಿಯನ್ನು ನಾನು ಅಳಿಸಿಯೇ ಪಾಠ ಮಾಡಿದ್ದೇನೆ. ಈ ಸಿಟ್ಟು ನಿನಗೆ ಎಲ್ಲಿ ಸಿಕ್ಕಿತು?"

ಅವಳು ನನ್ನತ್ತ ಕೈ ತೋರಿಸಿದಳು. "ಇವಳೇ ಸರ್, ಹೇಳಿಕೊಟ್ಟದ್ದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮೇಲೆ ನನಗೆ ಅತ್ಯಂತ ಹೆಚ್ಚು ಹೊಟ್ಟೆಕಿಚ್ಚಾದದ್ದು ಆ ಗಳಿಗೆಯಲ್ಲಿ. ಓದು ಅವಳಿಗೆ ಬರುತ್ತಿತ್ತು, ಸರಿ. ಹೊಗಳಿಕೆಯನ್ನು ಹಾಗೆ ಎತ್ತಿ ಕೊಟ್ಟುಬಿಡುವುದೂ ಬರುತ್ತಿತ್ತಲ್ಲ!

ಈಗ ನಾನು ಬೆಳ್ತಂಗಡಿ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಆ ಪದ್ಯ ಬಂದಾಗ ಸಿಟ್ಟಿನಲ್ಲೇ ಓದುತ್ತೇನೆ. ಅವಳಷ್ಟು ಚೆನ್ನಾಗಿ ಒಂದು ಸಲವೂ ಬಂದಿಲ್ಲ.

ಈ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಟೀಕೆಯಲ್ಲಿ ದುಃಖ ಅಂತ ಉಂಟು. ನಿಮಗೆ ಸಿಟ್ಟು ಅಂತ ಹೇಗೆ ಗೊತ್ತಾಯಿತು?"

ಪಾತ್ರೆ ಕುಕ್ಕುವ ಉಮ್ಮನ ಮಗಳು ನಾಲಿಗೆಯ ತುದಿಯವರೆಗೆ ಬಂದಳು.

"ಹೀಗೇ, ಓದುತ್ತಾ ಓದುತ್ತಾ ಹೊಳೆಯಿತು" ಎಂದೆ.