ಮಾಳಪ್ಪನಿಗೆ ನಾನು ಹೇಳದ ಮಾತು

ಪಾರವ್ವಾ, ಆ ದಿನ ನಾನು ನಿನ್ನ ಗಂಡ ಮಾಳಪ್ಪನಿಗೆ ಹೇಳಿರಲೇ ಇಲ್ಲ. ಹೇಳಿದೆ ಅಂದದ್ದು ಸುಳ್ಳು. ಇಷ್ಟು ವರ್ಷ ಅದನ್ನು ಬಚ್ಚಿಟ್ಟು ಸಾಕಾಗಿ ಹೋಗಿದೆ ನನಗೆ — ಆದರೆ ನನಗೆ ಸಾಕಾದರೆ ಯಾರಿಗೇನು, ಅದರ ಭಾರ ಹೊತ್ತವರು ನೀವಿಬ್ಬರು.

ಬೀರೇಶ್ವರನ ಪಲ್ಲಕ್ಕಿ ಅಂದು ಸಾವಳಗಿಯ ನಮ್ಮ ಮನೆಗೆ ಬರುವುದಿತ್ತು. ಮನೆಯಲ್ಲಿ ಒಬ್ಬಳು ಮುಟ್ಟಾಗಿದ್ದಾಳೆಂದು ಗೊತ್ತಾದರೆ ದೇವರು ನಮ್ಮ ಬಾಗಿಲು ಬಿಟ್ಟು ದಾಯಾದಿಗಳ ಮನೆಗೆ ಹೋಗುತ್ತಿತ್ತು. ನಾನು ಹಿರಿಯ ಸೊಸೆ. ಪಲ್ಲಕ್ಕಿ ಹೊತ್ತವರ ಕಾಲಿಗೆ ನೀರು ಹಾಕಬೇಕು, ಮಂದಿ ನೋಡಬೇಕು — ಇಷ್ಟೇ ನನ್ನ ಆಸೆ. ಆ ಆಸೆಗಿಷ್ಟು ಬೆಂಕಿ ಬೀಳಲಿ.

ಮುಂಜಾನೆಯೇ ನೀನು ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದ್ದೆ. ಮುಟ್ಟು ತಡವಾಗಿತ್ತು, ಈಗ ಕಪ್ಪಗೆ ಸ್ವಲ್ಪ ಕಂಡಿದೆ, ಕಿಬ್ಬೊಟ್ಟೆಯ ಒಂದೇ ಮಗ್ಗುಲು ಚುಚ್ಚುತ್ತಿದೆ ಎಂದು. ತಡವಾಗಿ ಆದದ್ದಕ್ಕೇ ನೋವು, ಬಾಯಿ ಬಿಡಬೇಡ ಎಂದೆ ನಾನು. ನಿನ್ನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ, ತಲೆನೋವೆಂದು ಎಲ್ಲರನ್ನೂ ನಂಬಿಸಿದೆ.

ಮಧ್ಯಾಹ್ನದ ಹೊತ್ತಿಗೆ ನಿನ್ನ ಮುಖ ಬಿಳಿಚಿಕೊಂಡಿತ್ತು. ಎದ್ದು ಕೂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು.

"ಯಕ್ಕಾ, ಹೆಗಲ ತುದಿ ಭಾಳ ನೋಯಾಕತ್ತೈತಿ. ಅವರಿಗಿ ಹೇಳ ಬೇ, ದವಾಖಾನಿಗಿ ಕರಕೊಂಡ ಹೋಗಲಿ."

ಹೊಟ್ಟೆನೋವಿಗೂ ಹೆಗಲಿಗೂ ಏನು ಸಂಬಂಧವೆಂದು ಎಣ್ಣೆ ತಿಕ್ಕಿದೆ. ಆಮೇಲೆ ಹೊರಗೆ ಹೋದೆ. ಅಂಗಳದಲ್ಲಿ ಮಾಳಪ್ಪ ಡೊಳ್ಳು ಬಾರಿಸುತ್ತಿದ್ದ, ನನ್ನನ್ನು ನೋಡಿ ನಕ್ಕ ಕೂಡ. ನಾನು — ಸುಮ್ಮನೆ ಒಳಗೆ ಬಂದೆ.

"ಹೇಳೇನಿ. ಪಲ್ಲಕ್ಕಿ ಹೋಗಲಿ, ಆಮ್ಯಾಲ ನೋಡೂಣು ಅಂದಾನ."

ನೀನು ಗೋಡೆಯ ಕಡೆ ಮುಖ ತಿರುಗಿಸಿದೆ. ಅವನ ಡೊಳ್ಳು ನಿನಗೆ ಕೇಳುತ್ತಲೇ ಇತ್ತು.

ಪಲ್ಲಕ್ಕಿ ಹೊಸ್ತಿಲಿಗೆ ಬಂದಾಗ ನೀನು ಬಿದ್ದ ಸಪ್ಪಳವಾಯಿತು. ಅವನು ದೇವರನ್ನೂ ನೋಡದೆ ಒಳಗೆ ಓಡಿಬಂದ, ನಿನ್ನನ್ನು ಎತ್ತಿಕೊಂಡು ಟಂಟಂ ಗಾಡಿ ಹತ್ತಿಸಿ ಜಮಖಂಡಿಯ ದವಾಖಾನೆಗೆ ಒಯ್ದ. ನಿನಗಾಗ ಎಚ್ಚರವಿರಲಿಲ್ಲ. ಗರ್ಭ ನಾಳದಲ್ಲಿ ನಿಂತು, ನಾಳ ಒಡೆದು, ಹೊಟ್ಟೆಯೊಳಗೆಲ್ಲ ರಕ್ತ ತುಂಬಿತ್ತು. ಮುಟ್ಟು ತಪ್ಪಿದವಳಿಗೆ ಒಂದು ಮಗ್ಗುಲ ನೋವು, ತಲೆಸುತ್ತು, ಹೆಗಲ ನೋವು ಬಂದರೆ ಒಂದು ಗಳಿಗೆಯೂ ಕಾಯಬಾರದು, ಯಾಕೆ ತಡ ಮಾಡಿದಿರಿ ಎಂದು ಡಾಕ್ಟರಮ್ಮ ಮಾಳಪ್ಪನನ್ನೇ ಬೈದರು. ಅವನು ತಲೆ ತಗ್ಗಿಸಿ ಬೈಸಿಕೊಂಡ. ನಾನು ಪಕ್ಕದಲ್ಲೇ ನಿಂತಿದ್ದೆ.

ಇನ್ನೊಂದು ನಾಳ ಚೆನ್ನಾಗಿದೆ, ಮಕ್ಕಳಾಗುತ್ತವೆ ಎಂದರು. ಆದರೆ ಮನೆಗೆ ಬಂದ ನೀನು ಅತ್ತೆಯ ಪಕ್ಕ ಹಾಸಿಗೆ ಹಾಸಿಕೊಂಡೆ. "ಅವರಿಗಿ ನನ್ನ ಜೀವಕ್ಕಿಂತ ಪಲ್ಲಕ್ಕಿ ಹೆಚ್ಚಾತು" ಎಂದು ನನ್ನೊಬ್ಬಳ ಮುಂದೆ ಕಣ್ಣೀರು ಹಾಕಿದೆ. ಅವನನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಅವನು ನನ್ನನ್ನು ಕೇಳಿದ.

"ವೈನಿ, ನಾ ಏನ ತಪ್ಪ ಮಾಡೇನ್ರಿ?"

ಗೊತ್ತಿಲ್ಲಪ್ಪ ಎಂದೆ. ಆಗಲೂ.

ಹೆಗಲ ನೋವಿನ ಅರ್ಥ ನನಗೆ ಖರೆಯೇ ಗೊತ್ತಿರಲಿಲ್ಲ. ಆದರೆ ಸುಳ್ಳು ಹೇಳುತ್ತಿದ್ದೇನೆಂಬುದು ಗೊತ್ತಿತ್ತಲ್ಲ. ಈಗ ಓಣಿಯ ಯಾವ ಹುಡುಗಿ ಹೊಟ್ಟೆ ಹಿಡಿದುಕೊಂಡರೂ ಯಾರನ್ನೂ ಕೇಳದೆ ಗಾಡಿ ಕರೆಸುತ್ತೇನೆ; ಅದರಿಂದ ನಿನಗೇನೂ ತಿರುಗಿ ಬರುವುದಿಲ್ಲ.

ಇವತ್ತು ಸಂಜೆ ಮಾಳಪ್ಪ ಸಮೀರವಾಡಿಯಿಂದ ಕೆಲಸ ಮುಗಿಸಿ ಬಂದಾಗ ಅವನ ಮುಂದೆಯೂ ಇದನ್ನೇ ಹೇಳುತ್ತೇನೆ. ಕ್ಷಮಿಸು ಅನ್ನುವ ಮುಖ ನನಗಿಲ್ಲ. ನೀವಿಬ್ಬರೂ ನನ್ನ ಕೂಡ ಮಾತು ಬಿಡಿ, ಪಾರವ್ವಾ — ಆದರೆ ಒಬ್ಬರ ಕೂಡ ಒಬ್ಬರು ಮಾತಾಡಿ.